ದಪ್ಪ ತಂತಿಯ ನಂಬರೂ ನನ್ನ ಮೀಸೆಯೂ

ಹೆಂಡತಿಯ ಮಾತು ಕೇಳಿದವನು ಕೆಟ್ಟ ಎನ್ನುವವರಿದ್ದಾರೆ. ಕೇಳದವನು ಕೆಟ್ಟ ಎನ್ನುವವರೂ ಇದ್ದಾರೆ. ನಾನು ಕೇಳದೆಯೂ ಕೆಟ್ಟೆ, ಕೇಳಿಯೂ ಕೆಟ್ಟೆ, ಅದೂ ಒಂದೇ ವಾರದಲ್ಲಿ, ಒಂದೇ ವಿಷಯಕ್ಕೆ. ಅದು ಹೇಗೆ ಸಾಧ್ಯವಾಯಿತು ಎಂಬುದು ನನಗೇ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಿಮ್ಮ ಹತ್ತಿರ ಹೇಳಿಕೊಂಡರೆ ನಿಮಗಾದರೂ ಬಗೆಹರಿದೀತು ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಚನ್ನಕೇಶವ. ಶಿಡ್ಲಘಟ್ಟದಲ್ಲಿ, ಚಿಂತಾಮಣಿ ರಸ್ತೆಯಲ್ಲಿ, ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಬೋರ್‌ವೆಲ್ ತೋಡುತ್ತ ತೋಡುತ್ತ ಜನ ಪಾತಾಳದ ಹೊಸಿಲು ತಟ್ಟಿ ಬಂದಿರುವುದರಿಂದ ಮೋಟಾರು ಸುಡದ ದಿನವಿಲ್ಲ. ಸುಟ್ಟ ಮೋಟಾರಿನ ಹೊಟ್ಟೆ ಬಗೆದು, ಕಪ್ಪಾದ ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಇಪ್ಪತ್ತು ವರ್ಷದಿಂದ ಸುತ್ತುತ್ತಿದ್ದೇನೆ. ನನ್ನ ಅಂಗಿಗೂ ಸುಟ್ಟ ವಾರ್ನಿಷಿನ ವಾಸನೆ, ನನ್ನ ಅನ್ನಕ್ಕೂ ಅದೇ ವಾಸನೆ.

ಇದು ಹಗಲಿನ ಮಾತು. ಲಗ್ನದ ಕಾಲದಲ್ಲಿ ಸಂಜೆಯಾದರೆ ನಾನೇ ಬೇರೆ. ನಾನು ಬೇಸ್ ಗಿಟಾರ್ ವಾದಕ! ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ನೋಡಿರುತ್ತೀರಿ. ಹಿಂದುಗಡೆ, ಡ್ರಮ್ಮಿನ ಪಕ್ಕದಲ್ಲಿ, ಉದ್ದ ಕತ್ತಿನ ನಾಲ್ಕು ತಂತಿಯ ಗಿಟಾರು ಹಿಡಿದು ಒಬ್ಬ ನಿಂತಿರುತ್ತಾನಲ್ಲ, ಫೋಟೋದಲ್ಲಿ ಅರ್ಧ ಮುಖ ಮಾತ್ರ ಬರುತ್ತದಲ್ಲ, ಅವನೇ ನಾನು. (ಕೆಲವು ಫೋಟೋಗಳಲ್ಲಿ ಆ ಅರ್ಧವೂ ಬಂದಿಲ್ಲ.) ನಾನು ನುಡಿಸುವುದು ಯಾರಿಗೂ ಕೇಳಿಸುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಕೇಳಿಸದಿದ್ದರೆ ಬೇಡ. ಆ ದಪ್ಪ ತಂತಿ ಬೆರಳಿಗೆ ತಾಗಿ ಢುಂ ಎಂದಾಗ ನನ್ನ ಎದೆಗೂಡು ನಡುಗುತ್ತದೆ, ದಿನವಿಡೀ ಸುಟ್ಟ ಮೋಟಾರು ಬಗೆದದ್ದು ಮರೆತುಹೋಗುತ್ತದೆ. ಆ ಎರಡು ಗಂಟೆಗಾಗಿಯೇ ನಾನು ಬದುಕಿದ್ದೇನೆ ಎಂದರೂ ತಪ್ಪಿಲ್ಲ.

ಈ ಸುಖಕ್ಕೆ ಕುತ್ತು ಬಂದದ್ದು ಇದೇ ಎರಡು ಸಾವಿರದ ಐದನೇ ಇಸವಿಯಲ್ಲಿ, ನನ್ನ ಬಾಮೈದ ಗಂಗಾಧರನ ಗಂಟಲಿನಿಂದ.

ಗಂಗಾಧರ ನನ್ನ ಹೆಂಡತಿ ರಾಧಾಮಣಿಯ ತಮ್ಮ. ನಮ್ಮ ‘ಸಪ್ತಗಂಗಾ ಮೆಲೋಡೀಸ್’ ಆರ್ಕೆಸ್ಟ್ರಾದ ಮಾಲೀಕನೂ ಅವನೇ, ಗಾಯಕನೂ ಅವನೇ. ಅವರ ಮನೆ ಮೇಲೂರು. ತಲೆತಲಾಂತರದಿಂದ ಗೂಡಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಸುವ ಮನೆತನ. ದಿನಾ ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಕೂಗಿ ಕೂಗಿ ಅವನ ಗಂಟಲು ಕೂತುಹೋಯಿತು. ಡಾಕ್ಟರು ಕೂಗಬೇಡ ಎಂದರು. ಕೂಗದಿದ್ದರೆ ಗೂಡು ಸಿಗುವುದಿಲ್ಲ. ಕಡೆಗೆ ಒಂದು ಭಾನುವಾರ ನಮ್ಮನೆಗೆ ಬಂದು ಫರ್ಮಾನು ಹೊರಡಿಸಿದ.

“ಭಾವ, ಇನ್ಮೇಲೆ ಶ್ರುತಿ ಇಳಿಸ್ಬಿಡಣ. ಕಪ್ಪು ಎರಡರಲ್ಲಿ ಆಗ್ತಿಲ್ಲ. ಕಪ್ಪು ಒಂದಕ್ಕೆ ಬಂದ್ಬಿಡಣ.”

ಹಾರ್ಮೋನಿಯಂ ನುಡಿಸುವವನಿಗೆ ಇದು ದೊಡ್ಡ ಮಾತಲ್ಲ, ಬೆರಳನ್ನು ಪಕ್ಕದ ಕಪ್ಪು ಮನೆಗೆ ಸರಿಸಿದರಾಯಿತು. ನನಗೆ ಅದೇ ಪ್ರಾಣಸಂಕಟ. ನಾನು ಸಂಗೀತ ಕಲಿತವನಲ್ಲ. ಯಾವ ಹಾಡಿಗೆ ಯಾವ ತಂತಿಯ ಯಾವ ಮೆಟ್ಟಿಲ ಮೇಲೆ ಬೆರಳಿಡಬೇಕೆಂದು ಇನ್ನೂರು ಹಾಡಿಗೆ ಬಾಯಿಪಾಠ ಮಾಡಿದವನು. ಶ್ರುತಿ ಬದಲಾದರೆ ಇನ್ನೂರು ಹಾಡೂ ಮತ್ತೆ ಉರು ಹೊಡೆಯಬೇಕು. ಆಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಬೆರಳು ಇದ್ದಲ್ಲೇ ಇರಲಿ, ನಾಲ್ಕೂ ತಂತಿಯನ್ನೇ ಅಷ್ಟಷ್ಟು ಸಡಿಲ ಮಾಡಿದರೆ ಇಡೀ ಗಿಟಾರೇ ಕೆಳಗಿಳಿಯುತ್ತದಲ್ಲ!

ಸಡಿಲ ಮಾಡಿದೆ. ಶ್ರುತಿಯೇನೋ ಇಳಿಯಿತು. ಆದರೆ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದು, ಢುಂ ಎನ್ನಬೇಕಾದದ್ದು ಲಟ ಲಟ ಎಂದಿತು.

“ಇದೇನ್ ಭಾವ, ಅವಲಕ್ಕಿ ಕುಟ್ಟಿದಂಗೈತೆ?” ಎಂದ ಗಂಗಾಧರ. “ಶುಕ್ರವಾರ ಚಿಕ್ಕಬಳ್ಳಾಪುರದಾಗೆ ಚಿಕ್ಕಮ್ಮನ ಮೊಮ್ಮಗಳ ಆರತಕ್ಷತೆ. ನಮ್ಮೋರೇ ಪೂರಾ ಬರ್ತಾರೆ. ಅಷ್ಟರಲ್ಲಿ ಸರಿ ಮಾಡ್ಕೊಂಡ್ರೆ ಸರಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ನಮ್ಮ ನರೇಂದ್ರ ಹೊಸ ಕೀಬೋರ್ಡ್ ತಂದವ್ನೆ. ಎಡಗೈಯಾಗೇ ಬೇಸ್ ನುಡಿಸ್ತೀನಿ ಅಂತಾನೆ.”

ಎಡಗೈ! ನಾನು ಹದಿನೈದು ವರ್ಷ ಎರಡೂ ಕೈಯಿಂದ ಮಾಡಿದ್ದನ್ನು ಅವನು ಬಿಡುವಿನಲ್ಲಿದ್ದ ಒಂದು ಕೈಯಿಂದ ಮಾಡುತ್ತಾನಂತೆ!

ಮಾರನೆಯ ದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ, ಅರ್ಧ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು, ಒಂದು ಹಾಳೆ ಪ್ರಿಂಟು ತೆಗೆಸಿಕೊಂಡೆ. ಇಂಗ್ಲಿಷಿನ ಆ ಹಾಳೆಯಲ್ಲಿ ನನಗೆ ಅರ್ಥವಾದದ್ದು ಒಂದೇ ಸಾಲು: ಶ್ರುತಿ ಇಳಿಸಬೇಕಾದರೆ ಇನ್ನೂ ದಪ್ಪ ತಂತಿ ಹಾಕಿ. ದಪ್ಪ ತಂತಿ ಸಡಿಲವಾದರೂ ಜೋತುಬೀಳುವುದಿಲ್ಲವಂತೆ. ಬಾಕಿಯೆಲ್ಲ ಬರೀ ನಂಬರು. ಒಂದೊಂದು ನಂಬರಿನ ಎಡಕ್ಕೂ ಒಂದೊಂದು ಚುಕ್ಕಿ. ಪ್ರಿಂಟರಿನ ಇಂಕು ಸೋರಿರಬೇಕು ಎಂದುಕೊಂಡೆ.

ಎಸ್‌ಟಿಡಿ ಬೂತಿನಿಂದ ಬೆಂಗಳೂರಿನ ವಾದ್ಯದಂಗಡಿಗೆ ಫೋನು ಮಾಡಿದೆ.

“ಬೇಸ್ ಗಿಟಾರಿಗೆ ಮೂರು ಸೆಟ್ ಐತೆ ಸಾರ್. ನಲವತ್ತು-ತೊಂಬತ್ತೈದು, ನಲವತ್ತೈದು-ನೂರೈದು, ಐವತ್ತು-ನೂರಹತ್ತು. ಯಾವ್ದು ಬೇಕು?”

“ದಪ್ಪದ್ದು.”

“ದಪ್ಪ, ಸಣ್ಣ ಅನ್ಬೇಡಿ ಸಾರ್. ಆಮೇಲೆ ಹಂಗಲ್ಲ ಹಿಂಗೆ ಅಂತ ಜಗಳ ಬರ್ತದೆ. ನಂಬರು ಬರೆದು ಕಳ್ಸಿ. ಒಂದ್ಸಲ ಪ್ಯಾಕೆಟ್ ಹೊರಗೆ ಹೋದ್ರೆ ವಾಪಸ್ ಇಲ್ಲ.”

ಯಾವ ನಂಬರು ದಪ್ಪ ಎಂದು ಅವನನ್ನೇ ಕೇಳಬಹುದಿತ್ತು ಎನ್ನುತ್ತೀರಿ. ಹೇಗೆ ಕೇಳಲಿ ಸ್ವಾಮಿ? ಇಪ್ಪತ್ತು ವರ್ಷ ತಂತಿ ಸುತ್ತಿದವನು, ತಂತಿಯ ಗೇಜು ಚಾರ್ಟನ್ನು ಅಂಗಡಿ ಗೋಡೆಗೆ ದೇವರ ಪಟದ ಪಕ್ಕದಲ್ಲೇ ಅಂಟಿಸಿಕೊಂಡವನು, ತಂತಿಯ ನಂಬರು ಇನ್ನೊಬ್ಬನನ್ನು ಕೇಳುವುದೇ? ನಮ್ಮ ಕಸುಬಿನಲ್ಲಿ ಗೇಜಿನ ನಂಬರು ಹೆಚ್ಚಾದಷ್ಟೂ ತಂತಿ ಸಣ್ಣ. ಹದಿನಾಲ್ಕು ಗೇಜು ದಪ್ಪ, ಮೂವತ್ತು ಗೇಜು ಕೂದಲೆಳೆ. ಇದು ನನಗೆ ಗಾಯತ್ರಿ ಮಂತ್ರವಿದ್ದಂತೆ. ಹಾಗಾಗಿ ದಪ್ಪ ಬೇಕೆಂದರೆ ಚಿಕ್ಕ ನಂಬರು, ಅಂದರೆ ನಲವತ್ತು-ತೊಂಬತ್ತೈದು. ಇತ್ಯರ್ಥವಾಯಿತು ಎಂದು ಶಿಳ್ಳೆ ಹಾಕುತ್ತ ಮನೆಗೆ ಬಂದೆ.

ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ರಾಧಾಮಣಿ ಕೂತಿದ್ದಳು. ಮೇಲೂರಿನಿಂದ ಬಂದಿದ್ದ ನಮ್ಮತ್ತೆ ಅಮ್ಮಾಜಮ್ಮನವರೂ ಮೊರದ ಇನ್ನೊಂದು ಬದಿಗೆ ಕೂತಿದ್ದರು. ವಿಷಯ ಹೇಳಿದೆ. ಹೇಳಬಾರದಾಗಿತ್ತು.

“ರೀ, ದಪ್ಪ ಬೇಕು ಅಂದ್ರೆ ದೊಡ್ಡ ನಂಬರಲ್ವಾ ಕೇಳ್ಬೇಕು?” ಎಂದಳು ರಾಧಾಮಣಿ. “ನಮ್ಮನೆ ನೂಲಿಗೆ ಹಂಗೇ. ಹದಿನೆಂಟು ಡೆನಿಯರ್ ಅಂದ್ರೆ ಸಣ್ಣ ನೂಲು, ಮೂವತ್ತು ಡೆನಿಯರ್ ಅಂದ್ರೆ ದಪ್ಪ ನೂಲು. ಐವತ್ತು-ನೂರಹತ್ತು ತರ್ಸಿ.”

“ಅದು ಹುಳ ಉಗುಳಿದ್ದು ಕಣೇ. ಇದು ಉಕ್ಕು! ಲೋಹಕ್ಕೆ ಲೆಕ್ಕ ಉಲ್ಟಾ. ನಂಬರು ಜಾಸ್ತಿ ಆದಷ್ಟೂ ತಂತಿ ಸಣ್ಣ.”

“ಯಾವ ಪುಣ್ಯಾತ್ಮ ಮಾಡಿದ್ದು ಅದನ್ನ? ನಾಲ್ಕು ಇಡ್ಲಿ ಅಂದ್ರೆ ಎರಡು ಇಡ್ಲಿಗಿಂತ ಕಮ್ಮಿ ಅಂತೀರಾ?”

(ಗೇಜು ಚಾರ್ಟು ಮಾಡಿದ ಮಹಾನುಭಾವ ಎದುರು ಸಿಕ್ಕರೆ ನಾನೂ ಇದನ್ನೇ ಕೇಳುತ್ತೇನೆ.)

“ಇಡ್ಲಿ ಬೇರೆ, ಎಂಜಿನಿಯರಿಂಗ್ ಬೇರೆ!” ಎಂದೆ.

“ನಿಮ್ಮದು ಎಂಜಿನಿಯರಿಂಗಾ? ಮೊನ್ನೆ ಮಿಕ್ಸಿ ರಿಪೇರಿ ಮಾಡಿದ್ರಲ್ಲ, ಇವತ್ತಿಗೂ ಉಲ್ಟಾ ತಿರುಗ್ತೈತೆ. ಚಟ್ನಿ ರುಬ್ಬೋದು ಬಿಟ್ಟು ಕಲಸ್ತೈತೆ.”

ಅತ್ತೆಯ ಎದುರಿಗೆ ಮಿಕ್ಸಿಯ ಮಾತು ತೆಗೆಯಬಾರದಿತ್ತು. ನನಗೆ ರೇಗಿತು. ಎದ್ದು ನಿಂತು, ಮೀಸೆಯ ಮೇಲೆ ಕೈಯಿಟ್ಟು, ಕುರುಕ್ಷೇತ್ರಕ್ಕೆ ಸಲ್ಲುವಂಥ ದನಿಯಲ್ಲಿ ಪ್ರತಿಜ್ಞೆ ಮಾಡಿದೆ: “ನಿನ್ನ ಡೆನಿಯರ್ ಲೆಕ್ಕವೇನಾದ್ರೂ ಸರಿಯಾದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ!”

“ಅರ್ಧ ಯಾಕಪ್ಪಾ ಅಲ್ಲುಡೂ, ಪೂರ್ತಿ ತೆಗೆಸಿದ್ರೆ ಲಕ್ಷಣವಾಗಿ ಕಾಣ್ತೀಯ” ಎಂದರು ಅತ್ತೆ. ಅವರ ತವರು ಆಂಧ್ರದ ಗಡಿ. ಅಳಿಯನನ್ನು ತೆಲುಗಿನಲ್ಲೇ ಕರೆಯುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ.

ಸೋಮವಾರ ಸಂಜೆಯಿಂದ ಬುಧವಾರ ಸಂಜೆಯವರೆಗೆ ಇದೇ ರಾಮಾಯಣ. ಸಾರು ಬಡಿಸುವಾಗ “ಎಷ್ಟು ಸೌಟು ಹಾಕ್ಲಿ, ನಿಮ್ಮ ಲೆಕ್ಕದಾಗೋ ನಮ್ಮ ಲೆಕ್ಕದಾಗೋ?” ಎಂದು ಕೇಳುವುದು, ನಾನು ಮೂರು ಚಪಾತಿ ಕೇಳಿದರೆ “ಮೂರು ಅಂದ್ರೆ ಒಂದಕ್ಕಿಂತ ಕಮ್ಮಿ ಅಲ್ವಾ?” ಎಂದು ಅರ್ಧ ಹಾಕುವುದು. ಹೊಟ್ಟೆಗಿಲ್ಲದಿದ್ದರೂ ನಾನು ಸಿದ್ಧಾಂತ ಬಿಡಲಿಲ್ಲ.

ಬಿಡಲಿಲ್ಲ, ಆದರೆ ಒಳಗೊಳಗೇ ಒಂದು ಅನುಮಾನ ಕೊರೆಯತೊಡಗಿತ್ತು. ನಮ್ಮ ಗೇಜು ಚಾರ್ಟು ಐವತ್ತಕ್ಕೇ ಮುಗಿಯುತ್ತದೆ. ಐವತ್ತು ಗೇಜಿನ ತಂತಿಯೇ ಕಣ್ಣಿಗೆ ಕಾಣಿಸುವುದಿಲ್ಲ. ಹಾಗಿರುವಾಗ ತೊಂಬತ್ತೈದು, ನೂರಹತ್ತು ಎಂದರೆ ಅದೇನು ತಂತಿಯೋ, ತಂತಿಯ ಆತ್ಮವೋ? ಗುರುವಾರ ಸಂಜೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಗಿಟಾರು ತೆಗೆದೆ. ತಂತಿ ಅಳೆಯುವ ಮೈಕ್ರೋಮೀಟರಿನಲ್ಲಿ ಎಲ್ಲಕ್ಕಿಂತ ದಪ್ಪದ ತಂತಿಯನ್ನು ಹಿಡಿದೆ. ಎರಡು ಪಾಯಿಂಟ್ ಆರು ಏಳು ಮಿಲಿಮೀಟರು. ಚಾರ್ಟಿನಲ್ಲಿ ನೋಡಿದರೆ ನಲವತ್ತಕ್ಕೂ ತಾಳೆಯಿಲ್ಲ, ತೊಂಬತ್ತೈದಂತೂ ಇಲ್ಲವೇ ಇಲ್ಲ. ಸೈಬರ್ ಸೆಂಟರಿನ ಹಾಳೆ ಬಿಡಿಸಿದೆ. ಆ ಚುಕ್ಕಿಗಳು. ಎಲ್ಲ ನಂಬರಿನ ಎಡಕ್ಕೂ, ಒಂದೇ ಅಳತೆಯಲ್ಲಿ. ಇಂಕು ಸೋರಿದರೆ ಇಷ್ಟು ಶಿಸ್ತಾಗಿ ಸೋರುತ್ತದೆಯೇ?

ಕ್ಯಾಲ್ಕುಲೇಟರ್ ತೆಗೆದು ಆ ಮಿಲಿಮೀಟರನ್ನು ಅಂಗುಲಕ್ಕೆ ಇಳಿಸಿದೆ. ಸೊನ್ನೆ ಪಾಯಿಂಟ್ ಒಂದು ಸೊನ್ನೆ ಐದು! ಇನ್ನೊಂದು ಸಲ ಮಾಡಿದೆ. ಅದೇ. ಕ್ಯಾಲ್ಕುಲೇಟರನ್ನು ಅಂಗಿಗೆ ಒರೆಸಿ ಮೂರನೇ ಸಲ ಮಾಡಿದೆ. ಅದೇ. ಸೋರಿದ್ದು ಇಂಕಲ್ಲ, ದಶಮಾಂಶದ ಚುಕ್ಕಿ. ಅದು ಚಾರ್ಟಿನ ಗೇಜಲ್ಲ, ನೇರವಾಗಿ ಅಂಗುಲದ ಅಳತೆ. ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನೂರೈದು ಪಾಲು ದಪ್ಪ. ನನ್ನ ಗಿಟಾರಿನಲ್ಲಿ ಈಗಿರುವುದೇ ನಲವತ್ತೈದು-ನೂರೈದು ಸೆಟ್ಟು, ಎಲ್ಲಕ್ಕಿಂತ ಸಣ್ಣ ತಂತಿ ನಲವತ್ತೈದು, ಎಲ್ಲಕ್ಕಿಂತ ದಪ್ಪದ್ದು ನೂರೈದು. ನಂಬರು ಹೆಚ್ಚಾದಷ್ಟೂ ದಪ್ಪ. ಅಂದರೆ ಐವತ್ತು-ನೂರಹತ್ತೇ ಬೇಕು. ಅಂದರೆ ಹುಳ ಉಗುಳಿದ ಲೆಕ್ಕವೇ ಸರಿ. ಅಂದರೆ ನನ್ನ ಮೀಸೆ...

ಕನ್ನಡಿಯಲ್ಲಿ ಮೀಸೆ ನೋಡಿಕೊಂಡೆ. ಪಾಪ, ಅದಕ್ಕೇನೂ ಗೊತ್ತಿರಲಿಲ್ಲ.

ಗಂಡಸಾದವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಒಂದು ಚೀಟಿಯಲ್ಲಿ ‘ಬೇಸ್ ಗಿಟಾರ್ ತಂತಿ, ಒಂದು ಸೆಟ್, 50-110’ ಎಂದು ಬರೆದು, ಯಾರಿಗೂ ಕಾಣದಂತೆ ಎಂಟು ಮಡಿಕೆ ಮಡಿಸಿದೆ. ತಂತಿ ಬಂದ ಮೇಲೆ ಪ್ಯಾಕೆಟ್ಟು ಹರಿದೆಸೆದರಾಯಿತು, ಯಾವ ನಂಬರೆಂದು ಯಾರು ಕೇಳುತ್ತಾರೆ? ಗಿಟಾರೂ ಉಳಿಯಿತು, ಮೀಸೆಯೂ ಉಳಿಯಿತು. ಉತ್ಸಾಹ ಎಷ್ಟಾಯಿತೆಂದರೆ, ಹೊಸ ತಂತಿ ಹೇಗೂ ಬರುತ್ತದಲ್ಲ ಎಂದು ಹಳೆಯ ನಾಲ್ಕೂ ತಂತಿಯನ್ನು ಆಗಲೇ ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ ಬಿಸಾಡಿದೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿಗೆ ಹೋಗುವ ಖಾಸಗಿ ಬಸ್ಸು ನಮ್ಮನೆ ಮುಂದೆಯೇ ಹಾಯುತ್ತದೆ. ಅದರ ಕಂಡಕ್ಟರ್ ನಲ್ಲಪ್ಪ ನಮ್ಮ ಊರಿನ ಅರ್ಧ ಜನಕ್ಕೆ ಔಷಧಿಯಿಂದ ಹಿಡಿದು ಟ್ರಾಕ್ಟರ್ ಬೇರಿಂಗಿನವರೆಗೆ ಎಲ್ಲವನ್ನೂ ಬೆಂಗಳೂರಿನಿಂದ ತಂದುಕೊಡುವ ಪುಣ್ಯಾತ್ಮ. ಚೀಟಿಯನ್ನು ನಾನೇ ಕೊಡಬೇಕಿತ್ತು. ಆದರೆ ಮೇಲೂರಿನಾಚೆ ಒಂದು ತೋಟದಲ್ಲಿ ಮೋಟಾರು ಎತ್ತುವುದಿತ್ತು, ಐದಕ್ಕೇ ಹೊರಟೆ. ಚೀಟಿಯನ್ನೂ ದುಡ್ಡನ್ನೂ ರಾಧಾಮಣಿಯ ಕೈಗೆ ಕೊಟ್ಟೆ.

“ನಲ್ಲಪ್ಪನಿಗೆ ಕೊಟ್ಬಿಡು. ಬಿಚ್ಚಬೇಡ.”

“ನಾನ್ಯಾಕೆ ಬಿಚ್ಲಿ? ಅದ್ರಾಗೇನ್ ಪ್ರೇಮಪತ್ರ ಐತಾ?” ಎಂದಳು.

ಸಂಜೆ ನಾಲ್ಕಕ್ಕೆ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ವಾಪಸು ಬಂದ ಬಸ್ಸಿಗೆ ಕಾದು ಪೊಟ್ಟಣ ತೆಗೆದುಕೊಂಡು ನೇರವಾಗಿ ಕಲ್ಯಾಣ ಮಂಟಪಕ್ಕೆ ಹೋದೆ. ರಾಧಾಮಣಿಯೂ ಅತ್ತೆಯೂ ಮಧ್ಯಾಹ್ನವೇ ಬಂದು ನೆಂಟರ ನಡುವೆ ಮುಳುಗಿಹೋಗಿದ್ದರು. ಸ್ಟೇಜಿನ ಹಿಂದೆ ಕೂತು ಪೊಟ್ಟಣ ಬಿಚ್ಚಿದೆ.

ನಲವತ್ತು-ತೊಂಬತ್ತೈದು.

ಕಣ್ಣುಜ್ಜಿಕೊಂಡು ನೋಡಿದೆ. ಪೊಟ್ಟಣ ತಿರುಗಿಸಿ ನೋಡಿದೆ. ಬಿಲ್ಲಿನಲ್ಲೂ 40-95 ಎಂದೇ ಇತ್ತು. ಇದೇನು ಮಾಯೆ? ನಾನು ಬರೆದದ್ದು ಐವತ್ತು-ನೂರಹತ್ತು. ಬರೆದೆನೋ ಇಲ್ಲವೋ? ಬರೆಯಬೇಕೆಂದುಕೊಂಡು ಅಭ್ಯಾಸಬಲದಿಂದ ಚಿಕ್ಕ ನಂಬರು ಬರೆದೆನೋ? ಮೂರು ದಿನ ಎರಡೂ ನಂಬರನ್ನು ಜಪ ಮಾಡಿದ್ದರಿಂದ ತಲೆಯಲ್ಲಿ ಯಾವುದು ಯಾವುದೆಂದೇ ತಿಳಿಯದೆ ಹೋಯಿತು. ತಿಳಿದಿದ್ದೊಂದೇ: ಕತ್ತರಿಸಿ ಎಸೆದ ಹಳೆಯ ತಂತಿಗಿಂತಲೂ ಇದು ಸಣ್ಣ, ಮತ್ತು ಗಂಗಾಧರ ಮೈಕಿನಲ್ಲಿ “ಹಲೋ, ಚೆಕ್, ಚೆಕ್” ಎನ್ನುತ್ತಿದ್ದಾನೆ.

ಇದ್ದದ್ದನ್ನೇ ಕಟ್ಟಿ, ಸಡಿಲ ಮಾಡಿ, ದೇವರ ಮೇಲೆ ಭಾರ ಹಾಕಿ ನಿಂತೆ. ಮೊದಲು ಗಣಪತಿಯ ಹಾಡು. ಲಟ ಲಟ, ಲೊಟ ಲೊಟ. ಹಿಂದಿನ ಅವಲಕ್ಕಿಯೇ ವಾಸಿ, ಇದು ಹುರಿಗಡಲೆ. ತಂತಿ ಮೆಟ್ಟಿಲಿಗೆ ಬಡಿದು ಬಡಿದು ಸ್ಪೀಕರಿನೊಳಗೆ ಯಾರೋ ಹಲ್ಲು ಕಡಿದ ಹಾಗೆ ಕೇಳುತ್ತಿತ್ತು. ಗಂಗಾಧರ ಹಾಡುತ್ತಲೇ ಹಿಂದೆ ತಿರುಗಿ ಹುಬ್ಬು ಗಂಟಿಕ್ಕಿದ. ಎರಡನೇ ಹಾಡಿಗೆ ಮುಂಚೆ ನನಗೆ ಇನ್ನೊಂದು ದಿವ್ಯ ಯೋಚನೆ ಹೊಳೆಯಿತು. (ನನಗೆ ದಿವ್ಯ ಯೋಚನೆಗಳು ಹೊಳೆಯದಂತೆ ಹರಕೆ ಹೊರುತ್ತೇನೆ ಎಂದು ರಾಧಾಮಣಿ ಆಮೇಲೆ ಹೇಳಿದಳು.) ತಂತಿಗಳನ್ನು ಸರಸರನೆ ಬಿಗಿ ಮಾಡಿದೆ. ಲಟ ಲಟ ನಿಂತಿತು. ಆದರೆ ನನ್ನ ಬೆರಳು ಹಳೆಯ ಜಾಗದಲ್ಲೇ, ಶ್ರುತಿ ಮತ್ತೆ ಹಳೆಯ ಕಪ್ಪು ಎರಡಕ್ಕೇ ಏರಿತು! ಇಡೀ ಆರ್ಕೆಸ್ಟ್ರಾ ಕೆಳಗಿನ ಮನೆಯಲ್ಲಿ, ನಾನೊಬ್ಬನೇ ಮಹಡಿಯಲ್ಲಿ. ಗಂಗಾಧರ ಯಾರ ಜೊತೆ ಹೋಗಬೇಕೆಂದು ತಿಳಿಯದೆ ಒಂದು ಸಾಲು ಅಲ್ಲಿ, ಒಂದು ಸಾಲು ಇಲ್ಲಿ ಹಾಡಿದ. ಮದುವಣಗಿತ್ತಿ ಸೆರಗು ಬಾಯಿಗಿಟ್ಟುಕೊಂಡಳು. ಗಂಗಾಧರ ಸೌಂಡಿನವನಿಗೆ ಅಂಗೈ ಕೆಳಮುಖ ಮಾಡಿ ಒಂದು ಸನ್ನೆ ಮಾಡಿದ.

ಅಲ್ಲಿಗೆ ನನ್ನ ಗಿಟಾರಿನ ದನಿ ನಿಂತಿತು. ಪಕ್ಕದಲ್ಲಿ ನರೇಂದ್ರನ ಎಡಗೈ ಎದ್ದಿತು. ಢುಂ ಢುಂ ಎಂದು ಅವನ ಕೀಬೋರ್ಡು ಮಂಟಪ ತುಂಬಿತು. ನಾನು ಉಳಿದ ಒಂದೂಮುಕ್ಕಾಲು ಗಂಟೆ, ಯಾರಿಗೂ ಅನುಮಾನ ಬಾರದಿರಲೆಂದು, ಕಣ್ಣು ಮುಚ್ಚಿ, ತಲೆ ಆಡಿಸುತ್ತ, ಬಹಳ ಭಾವಪೂರ್ಣವಾಗಿ ಏನೂ ನುಡಿಸದೆ ನುಡಿಸಿದೆ. ಮುಚ್ಚಿದ ಕಣ್ಣಿನಲ್ಲಿ ನೀರು ಬಂತು. ಜನ ಸಂಗೀತದಲ್ಲಿ ತಲ್ಲೀನನಾಗಿದ್ದಾನೆ ಎಂದುಕೊಂಡಿರಬೇಕು.

ಊಟದ ಪಂಕ್ತಿಯಲ್ಲಿ ಗಂಗಾಧರ ಪಕ್ಕಕ್ಕೆ ಬಂದು ಮೆತ್ತಗೆ ಹೇಳಿದ. “ಭಾವ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ನರೇಂದ್ರನೇ ಬೇಸ್ ನೋಡ್ಕೊಳ್ಳಿ. ನೀವು ನಮ್ಮ ಜನರೇಟರ್ ನೋಡ್ಕೊಂಬಿಡಿ. ನಿಮ್ಮ ಕೈಗುಣಕ್ಕೆ ಅದೇ ಸರಿ.”

ಕೈಯಲ್ಲಿದ್ದ ಒಬ್ಬಟ್ಟನ್ನು ಎಲೆಗೆ ಇಟ್ಟೆ. ಅಷ್ಟರಲ್ಲಿ ಅತ್ತೆ ಅಮ್ಮಾಜಮ್ಮನವರು ಎದುರಿನ ಸಾಲಿನಿಂದ ಕೂಗಿದರು. “ಏಮಪ್ಪಾ ಅಲ್ಲುಡೂ, ಹದಿನಾಲ್ಕು ವರ್ಷದಿಂದ ನೀನು ಏನು ಬಾರಿಸ್ತೀಯ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಇವತ್ತು ಚೆನ್ನಾಗಿ ಕೇಳಿಸ್ತಪ್ಪ, ಲಟ ಲಟ ಅಂತ!”

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಸಹಸ್ರನಾಮಾರ್ಚನೆ ಶುರು ಮಾಡಿದೆ. ಮೊದಲು ಬೆಂಗಳೂರಿನ ಅಂಗಡಿಯವನಿಗೆ. “ಕಣ್ಣಿಲ್ವಾ ಅವನಿಗೆ? ಓದು ಬರಹ ಇಲ್ವಾ? ಅವನ ಗಲ್ಲಾಪೆಟ್ಟಿಗೆಗೆ ಇಲಿ ನುಗ್ಗ!” ಆಮೇಲೆ ಕಂಡಕ್ಟರ್ ನಲ್ಲಪ್ಪನಿಗೆ. “ಚೀಟಿ ಅದಲು ಬದಲು ಮಾಡವ್ನೆ. ಯಾರದೋ ಚೀಟಿ ಕೊಟ್ಟು ನನ್ನ ಬಾಳು ಹಾಳು ಮಾಡ್ದ! ಅವನ ಬಸ್ಸು ನಂದಿ ಕ್ರಾಸಿನಲ್ಲಿ ಪಂಚರ್ ಆಗ!”

ನಾನು ಒಬ್ಬೊಬ್ಬರನ್ನೇ ಬೈದ ಹಾಗೆಲ್ಲ ರಾಧಾಮಣಿಯ ಮುಖ ಸಣ್ಣದಾಗುತ್ತ ಹೋಯಿತು. ಸಾಮಾನ್ಯವಾಗಿ ನಾನು ಬೈಯುವಾಗ ಅವಳು ಎರಡು ಕೂಡಿಸುತ್ತಾಳೆ. ಅವತ್ತು ನಾನು ಚೆಲ್ಲಿದ ಕಾಫಿ ಒರೆಸುತ್ತ ಕೂತಳು.

“ರೀ, ಅವ್ರನ್ನ ಬೈಬೇಡಿ” ಎಂದಳು ಕಡೆಗೆ. “ಚೀಟಿ ತಿದ್ದಿದ್ದು ನಾನು.”

“ನೀನಾ?”

“ಬಿಚ್ಚಿ ನೋಡ್ದೆ. ಐವತ್ತು-ನೂರಹತ್ತು ಅಂತ ನಾನು ಹೇಳಿದ್ದನ್ನೇ ಬರ್ದಿದ್ರಿ. ಎದೆ ಧಸಕ್ ಅಂತು. ಅಯ್ಯೋ, ನನ್ನ ಬಾಯಿಗೆ ಹೆದ್ರಿಕೊಂಡು ಬರ್ದವ್ರೆ, ಸಂಜೆ ಅಷ್ಟು ಜನದ ಮುಂದೆ ಇವ್ರ ಮಾನ ಹೋದ್ರೆ ನನ್ನಿಂದ ಹೋದಂಗಲ್ವಾ ಅಂತ ಅನ್ನಿಸ್ತು. ಇಪ್ಪತ್ತು ವರ್ಷದಿಂದ ತಂತೀಲೇ ಕೈಯಾಡ್ಸೋರು, ಅವ್ರಿಗೆ ಗೊತ್ತಿಲ್ದೆ ಇರ್ತದಾ? ನಾನು ನೂಲು ಬಿಚ್ಚೋಳು, ನಂಗೇನ್ ಗೊತ್ತು ಉಕ್ಕಿನ ವಿಷಯ? ಅದಕ್ಕೆ ಹೊಡೆದು ಹಾಕಿ ನಿಮ್ಮ ನಂಬರು ಬರ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಗಿಟಾರು ಹಿಡ್ಕೊಂಡಾಗ್ಲೇ ನೀವು ನಗ್ತಾ ಇರೋದು. ಅದೊಂದು ಹೋಗ್ಬಾರ್ದು ಅಂತಿತ್ತು ನಂಗೆ.”

ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಮಾತು ನಂಬಿದ್ದು ಅದೇ ಮೊದಲು. ನಾನು ಅವಳ ಮಾತು ನಂಬಿದ್ದೂ ಅದೇ ಮೊದಲು. ಎರಡೂ ಒಂದೇ ಚೀಟಿಯ ಮೇಲೆ ಆಗಬೇಕೇ! ಇಬ್ಬರಲ್ಲಿ ಒಬ್ಬರಾದರೂ ಎಂದಿನಂತೆ ಹಟ ಮಾಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಆದರೂ ಸುಳ್ಳು ಹೇಳುವುದಿಲ್ಲ, ಒಳಗೆ ಎಲ್ಲೋ ಬೆಚ್ಚಗಾಯಿತು. ಎದ್ದು ಅವಳ ಕೈ ಹಿಡಿದುಕೊಳ್ಳೋಣವೆಂದುಕೊಂಡೆ.

ಅಷ್ಟರಲ್ಲಿ ಅವಳು ಮೂಗು ಒರೆಸುವುದನ್ನು ನಿಲ್ಲಿಸಿದಳು. ಅವಳ ತಲೆಯೊಳಗೆ ಲೆಕ್ಕ ನಡೆದಿತ್ತು.

“ಒಂದ್ನಿಮಿಷ. ಬಂದಿದ್ದು ನಿಮ್ಮ ನಂಬರೇ ತಾನೆ?”

“ಹೂಂ.”

“ನಿಮ್ಮ ಲೆಕ್ಕದ ಪ್ರಕಾರ ಅದು ದಪ್ಪ ತಾನೆ?”

“ಹೂಂ... ಅಂದ್ರೆ...”

“ಮತ್ತೆ ಯಾಕ್ರೀ ಲಟ ಲಟ ಅಂತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನನ್ನ ಕೈ ಮೀಸೆಗೆ ಹೋಯಿತು. ಮೈಕ್ರೋಮೀಟರು, ಚುಕ್ಕಿ, ಅಂಗುಲ, ಎಲ್ಲ ಒಪ್ಪಿಸಿದೆ.

“ಅಂದ್ರೆ ನಂದೇ ಸರಿಯಾಗಿತ್ತು.”

“ಹೂಂ.”

“ಅದು ಗುರುವಾರವೇ ನಿಮ್ಗೆ ಗೊತ್ತಿತ್ತು.”

“ಹೂಂ.”

“ಬಾಯಿ ಬಿಟ್ಟು ‘ರಾಧಾಮಣಿ, ನೀನ್ ಹೇಳಿದ್ದೇ ಸರಿ ಕಣೇ’ ಅಂತ ಒಂದು ಮಾತು ಅಂದಿದ್ರೆ ಈ ಗತಿ ಬರ್ತಿತ್ತಾ?”

“ಮೀಸೆ...” ಎಂದೆ.

“ಹದಿನಾಲ್ಕು ವರ್ಷದಾಗೆ ಒಂದೇ ಒಂದ್ಸಲ ನಿಮ್ಮ ಮಾತು ನಂಬ್ದೆ ಕಣ್ರೀ. ಒಂದೇ ಸಲ! ನೋಡಿ ಏನಾಯ್ತು!” ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ನನ್ನ ಮುಖ ನೋಡಿ ನಕ್ಕುಬಿಟ್ಟಳು. ನಗುತ್ತಲೇ ತಮ್ಮನಿಗೆ ಫೋನು ಮಾಡಿ, ತಪ್ಪೆಲ್ಲ ತನ್ನದೆಂದು ಹೇಳಿ, ಬೈದು, ಗೋಗರೆದು, ಮತ್ತೆ ಬೈದು, ಗೌರಿಬಿದನೂರಿನಲ್ಲಿ ಮುಂದಿನ ಶುಕ್ರವಾರದ ಕಾರ್ಯಕ್ರಮಕ್ಕೆ ನನಗೆ ಇನ್ನೊಂದು ಅವಕಾಶ ಕೊಡಿಸಿದಳು. ಇದೇ ಕೊನೆಯದು, ಇದೂ ಕೆಟ್ಟರೆ ಜನರೇಟರೇ ಗತಿ ಎಂದನಂತೆ ಗಂಗಾಧರ.

ಮೀಸೆಯ ವಿಚಾರ: ಅರ್ಧ ಹೋದ ಮೇಲೆ ಉಳಿದರ್ಧಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲವೆಂದು ಪೂರ್ತಿ ತೆಗೆಸಿದೆ. ಅತ್ತೆ ಹೇಳಿದಷ್ಟು ಲಕ್ಷಣವಾಗಿಯೇನೂ ಕಾಣುತ್ತಿಲ್ಲ.

ಇಂದು ಗುರುವಾರ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಹೊಸ ಚೀಟಿಯಲ್ಲಿ ಕೊಬ್ಬರಿ ಹೋಳಿನಷ್ಟು ದೊಡ್ಡ ಅಕ್ಷರದಲ್ಲಿ ‘50-110’ ಎಂದು ಬರೆದೆ. ಮಡಿಸಲಿಲ್ಲ. ಬಹಿರಂಗವಾಗಿ ಹೆಂಡತಿಯ ಕೈಗೇ ಕೊಟ್ಟೆ. ಅವಳು ಮೂರು ಸಲ ಓದಿದಳು.

“ನಿಜ ಹೇಳಿ. ಇದು ನಂಗೆ ಹೆದ್ರಿ ಬರ್ದಿದ್ದೋ, ನೀವೇ ನಂಬಿ ಬರ್ದಿದ್ದೋ?”

“ಸತ್ಯವಾಗಿ ನಂಬಿ ಬರ್ದಿದ್ದು ಕಣೇ. ಅಳೆದು ನೋಡಿದ್ದೀನಿ. ದೇವರಾಣೆ. ನೂರಕ್ಕೆ ನೂರು ನಂಗೆ ಗ್ಯಾರಂಟಿ ಐತೆ.”

ಅವಳ ಮುಖದಲ್ಲಿ ಅನುಮಾನದ ಗೆರೆ ಮೂಡಿತು.

“ನಿಮಗೆ ಅಷ್ಟೊಂದು ಗ್ಯಾರಂಟಿ ಐತೆ ಅಂದ್ರೆ ಎಲ್ಲೋ ತಪ್ಪಿರ್ಬೇಕು” ಎಂದವಳೇ ಕ್ಯಾಲೆಂಡರಿಗೆ ಸಿಕ್ಕಿಸಿದ್ದ ಪೆನ್ನು ತೆಗೆದುಕೊಂಡಳು.

“ಏಯ್, ರಾಧಾ, ಬೇಡ ಕಣೇ...”

ಹೊರಗೆ ನಲ್ಲಪ್ಪನ ಬಸ್ಸು ಹಾರನ್ ಹೊಡೆಯಿತು. ಅವಳು ಚೀಟಿ ಮುಷ್ಟಿಯಲ್ಲಿ ಹಿಡಿದು ರಸ್ತೆಗೆ ಓಡಿದಳು. ಗೇಟಿನ ಹತ್ತಿರ ಒಂದು ಗಳಿಗೆ ನಿಂತಳು, ಬಗ್ಗಿದಳು, ಬರೆದಳೋ ಚಪ್ಪಲಿ ಸರಿ ಮಾಡಿಕೊಂಡಳೋ ಇಲ್ಲಿಂದ ಕಾಣಿಸಲಿಲ್ಲ. ಬಸ್ಸು ಹೊರಟುಹೋಯಿತು. ಕೇಳಿದರೆ “ಸಂಜೆ ಗೊತ್ತಾಗ್ತದೆ, ಸುಮ್ನಿರಿ” ಎಂದು ದೋಸೆ ಹುಯ್ಯುತ್ತಿದ್ದಾಳೆ. ನಾನು ಮೀಸೆಯಿದ್ದ ಜಾಗವನ್ನು ಸವರಿಕೊಳ್ಳುತ್ತ ಕೂತಿದ್ದೇನೆ. ಯಾವುದಕ್ಕೂ ಇರಲಿ ಎಂದು ಜನರೇಟರಿನ ಮ್ಯಾನ್ಯುಯಲ್ಲನ್ನೂ ಒಂದು ಸಲ ತೆಗೆದು ನೋಡಿದೆ.